ಬಲಗೈಗೆ ಬರಬೇಕಾದ ಗಣೇಶ

ಕಠ್ಮಂಡುವಿನ ಅಸನ್ ಪೇಟೆಯಲ್ಲಿ ಹಿತ್ತಾಳೆ ದೀಪ, ಕಂಚಿನ ಬಟ್ಟಲು ಮಾರುವ ಹೇರಾಕಾಜಿ ಕಂಸಾಕಾರನಿಗೆ ವ್ಯಾಪಾರಕ್ಕಿಂತ ಹೆಚ್ಚು ಹೆಸರು ತಂದುಕೊಟ್ಟದ್ದು ಅವನ ಸಲಹೆ. ಪೋಖರಾದ ವಿಮಾನ ಹತ್ತುವವರು ಮೊದಲು ಅವನ ಅಂಗಡಿಯ ಮೆಟ್ಟಿಲು ಹತ್ತಬೇಕು. ಹೇರಾಕಾಜಿ ಗಲ್ಲಾದ ಮೇಲೆ ದೀಪಗಳನ್ನು ಸಾಲಾಗಿ ನಿಲ್ಲಿಸುತ್ತಾನೆ, ಅದು ಹಿಮಾಲಯ. ಒಂದು ಸೌಟು ತೆಗೆದುಕೊಳ್ಳುತ್ತಾನೆ; ಅದು ವಿಮಾನ. ಸೌಟು ಹಾರಿಸುತ್ತ, ಮುಹೂರ್ತ ಹೇಳುವವನ ದನಿಯಲ್ಲಿ, "ಹೋಗುವಾಗ ಬಲ, ಬರುವಾಗ ಎಡ. ಮರೆತ್ರೋ, ಬರೀ ಭತ್ತದ ಗದ್ದೆ ನೋಡ್ಕೊಂಡು ಬರ್ತೀರಿ" ಎನ್ನುತ್ತಾನೆ. ಹೆಣ್ಣು ನೋಡಲು ಹೊರಟವನಿಗೂ ಇದೇ ಉಪದೇಶ, ಸಾವಿನ ಮನೆಗೆ ಹೊರಟವನಿಗೂ ಇದೇ.

ಅವನ ತಾಯಿ ನಾನಿಮಾಯಾ ಚಳಿಗಾಲದ ಬೆಳಗುಗಳಲ್ಲಿ ಮಾಳಿಗೆ ಹತ್ತಿ, ದೂರದ ಗಣೇಶ ಹಿಮಾಲ ಎಂಬ ಹಿಮಬೆಟ್ಟದ ತುದಿಗೆ ಕೈಮುಗಿಯುತ್ತ ಬಂದವಳು. ಈಚೆಗೆ ಪಕ್ಕದ ಮನೆಯವರು ಅಂತಸ್ತಿನ ಮೇಲೆ ಅಂತಸ್ತು ಎಬ್ಬಿಸಿ, ಗಣೇಶನಿದ್ದ ಜಾಗದಲ್ಲಿ ನೀರಿನ ಟ್ಯಾಂಕು ಕೂರಿಸಿದ್ದರು. ಅದೇ ವರ್ಷ ಆಕೆಗೆ ಎಪ್ಪತ್ತೇಳು ತುಂಬಿ ಜಂಕೋ ಆಯಿತು. ಆ ಶಾಸ್ತ್ರವಾದ ಮೇಲೆ ಮುದುಕಿ ಮನೆಯ ದೇವರೇ. ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ದೇವರು ಕೇಳಿದ್ದು ಒಂದೇ: "ಕಣ್ಣು ಪೂರ್ತಿ ಮಂಜಾಗೋದ್ರೊಳಗೆ ಗಣೇಶನ್ನ ನೆತ್ತಿಯಿಂದ ಪಾದದ ತನಕ ಒಂದ್ಸಲ ತೋರಿಸ್ಬಿಡೋ."

ಮುದುಕಿಯ ಮಗಳ ಮನೆ ಪೋಖರಾದಲ್ಲೇ ಇತ್ತು. ಹೇರಾಕಾಜಿ ತಾಯಿಯನ್ನು ಬಲಗಡೆ ಕಿಟಕಿಗೆ ಕೂರಿಸಿ, ಅಕ್ಕಪಕ್ಕದವರಿಗೂ ಕೇಳುವಂತೆ, "ಈಗ ನೋಡಮ್ಮ" ಎಂದ. ಪೋಖರಾ ಬರುವವರೆಗೂ ಕಿಟಕಿಯಾಚೆ ಹಿಂಜಿದ ಹತ್ತಿಯಂಥ ಮೋಡ.

"ಇದೇನಾ?" ಎಂದಳು ತಾಯಿ.

"ಬರುವಾಗ ಎಡಗಡೆ ಕಾಣುತ್ತೆ ಬಿಡಮ್ಮ."

ವಾಪಸು ಹೊರಟ ದಿನ ಆಕಾಶ ತೊಳೆದಿಟ್ಟ ಹರಿವಾಣದಂತಿತ್ತು. ಗೆದ್ದ ಮುಖ ಹೊತ್ತು ಹೇರಾಕಾಜಿ ಎಡಗಡೆಯ ಕಿಟಕಿ ತೋರಿಸಿದರೆ ತಾಯಿ ಕಂಬದ ಹಾಗೆ ನಿಂತಳು.

"ದೇವರನ್ನ ಎಡಗೈಗೆ ಹಾಕ್ಕೊಂಡು ಹೋಗ್ತಾರೇನೋ? ಸ್ವಯಂಭೂ ಸ್ತೂಪ ಸುತ್ತುವಾಗ ಒಂದು ದಿನವಾದ್ರೂ ಎಡಕ್ಕೆ ಬಿಟ್ಟಿದ್ದೀನಾ?"

"ಅಮ್ಮ, ಇದು ಪ್ರದಕ್ಷಿಣೆ ಅಲ್ಲ, ವಿಮಾನ!"

"ಹಾಗಾದ್ರೆ ಬೆಟ್ಟದ ಆ ಕಡೆಯಿಂದ ಹೋಗು ಅನ್ನು ವಿಮಾನ ಓಡಿಸೋನಿಗೆ. ಆಗ ಗಣೇಶ ಬಲಕ್ಕೆ ಬರ್ತಾನೆ."

"ಆ ಕಡೆ ಚೀನಾ ಅಮ್ಮ!"

"ಇದ್ರೇನು? ನಿಮ್ಮ ತಾತ ಲ್ಹಾಸಾಗೆ ನಡ್ಕೊಂಡೇ ಹೋಗ್ಬಂದ್ರು. ಇವನಿಗೆ ರೆಕ್ಕೆ ಬೇರೆ ಇದೆ."

ಹೇರಾಕಾಜಿ ಗಾಳಿಯಲ್ಲೇ ಸೌಟು ಹಿಡಿದವನಂತೆ ಕೈಯನ್ನು ಅತ್ತ ಹಾರಿಸಿದ, ಇತ್ತ ಹಾರಿಸಿದ. ಆಕೆ ಹೇಳಿದ ಲೆಕ್ಕ ಸರಿಯಾಗಿತ್ತು. ಅದೇ ಅವನನ್ನು ಕಂಗೆಡಿಸಿತು. ಬಲಗಡೆ ಕೂರಿಸಿದರೆ ಗಣೇಶ ಕಾಣುವುದಿಲ್ಲ, ಎಡಗಡೆ ಕೂತರೆ ಆಕೆ ನೋಡುವುದಿಲ್ಲ. ಕೊನೆಗೆ ಅವನು ಕಿಟಕಿಗೆ ಕೂತ. ತಾಯಿ ಪಕ್ಕದಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ ಕೂತಳು.

ವಿಮಾನ ಮೇಲೇರಿ ಬೆಲ್ಟಿನ ದೀಪ ಆರಿತು. ಸ್ವಲ್ಪ ಹೊತ್ತಿಗೆ ಯಾರೋ "ಅಗೋ, ಗಣೇಶ!" ಎಂದು ಕೂಗಿದರು. ತಾಯಿಯ ಒಂದು ಕಣ್ಣು ಅರ್ಧ ತೆರೆಯಿತು.

"ಏಳೋ ಅತ್ಲಾಗೆ."

ಮಗನನ್ನು ಎಬ್ಬಿಸಿ ಆಕೆ ಕಿಟಕಿಯ ಸೀಟಿನ ಮೇಲೆ ಮಂಡಿಯೂರಿ, ವಿಮಾನದ ಬಾಲದ ಕಡೆಗೆ ಮುಖಮಾಡಿ ನಿಂತಳು. ಹಿಂದಿನ ಸೀಟಿನ ಸೂಟುಧಾರಿ ಎದುರಿಗೆ ಧುತ್ತೆಂದು ಬಂದ ಮುಖ ಕಂಡು ಬೆಚ್ಚಿದ.

"ನನ್ನೇನ್ ನೋಡ್ತೀಯಪ್ಪ, ಅಲ್ನೋಡು" ಎಂದು ಅವನಿಗೂ ಕಿಟಕಿ ತೋರಿಸಿದಳು.

ಗಗನಸಖಿ ಓಡಿಬಂದಳು. "ಆಮಾ, ಮುಂದಕ್ಕೆ ತಿರುಗಿ ಕೂತ್ಕೊಳ್ಳಿ. ಬಿದ್ದುಬಿಡ್ತೀರಿ! ಅಣ್ಣಾ, ನೀವಾದ್ರೂ ಹೇಳಿ."

ವಿಮಾನದವರ ಮಾತು ಕೇಳಬೇಕೋ, ಮನೆದೇವರ ಮಾತು ಕೇಳಬೇಕೋ ತಿಳಿಯದೆ ಹೇರಾಕಾಜಿ ತೊದಲಿದ: "ಅದೂ... ಜಂಕೋ ಆಗಿದೆ ತಂಗಿ."

ಆ ಹುಡುಗಿಯೂ ಇವರ ಹಾಗೆ ನೇವಾರರವಳೇ, ಭಕ್ತಪುರದವಳು; ಜಂಕೋ ಎಂದರೆ ಗೊತ್ತು. ಸುತ್ತ ಒಮ್ಮೆ ನೋಡಿ, "ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ. ಬೆಲ್ಟಿನ ದೀಪ ಹತ್ತಿದ ತಕ್ಷಣ ಇಳಿಸ್ಬಿಡಿ" ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದಳು.

ಹೇರಾಕಾಜಿ ಎರಡೂ ಕೈಯಿಂದ ತಾಯಿಯ ಸೊಂಟ ಹಿಡಿದು ಕೂತ. ಕಿಟಕಿಗೆ ಆಕೆಯ ಶಾಲು ಅಡ್ಡವಾಗಿತ್ತು. ಅವನಿಗೆ ಹಿಮಾಲಯದ ಬದಲು ಉಣ್ಣೆಯ ಹೆಣಿಗೆ ಮಾತ್ರ ಕಂಡಿತು. ತಾಯಿ ನೆತ್ತಿಯಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಕೈಮುಗಿದಳು.

"ಪಾದ ಕಂಡಿತಾ ಅಮ್ಮ?"

"ಪಾದವೂ ಕಂಡಿತು, ಮಡಿಲೂ ಕಂಡಿತು. ನೀನು ಹೇಳ್ತಿದ್ದಿದ್ದು ಸುಳ್ಳಲ್ಲ ಕಣೋ, ಬಲಗಡೆನೇ ಇದ್ದಾನೆ."

"ಅದು ಎಡ..." ಎಂದು ಬಾಯಿ ತೆರೆದ ಹೇರಾಕಾಜಿ, ಆಕೆಯ ಬಲಗೈ ಕಿಟಕಿಗೆ ತಾಗಿದ್ದು ಕಂಡು ಬಾಯಿ ಮುಚ್ಚಿದ.

ಮರುದಿನ ಸಾಂಬಾರ ಪದಾರ್ಥದ ಅಂಗಡಿಯ ಬುದ್ಧಿರಾಜ ಬಂದ. "ಕಾಜಿ ಅಣ್ಣ, ನಾಳೆ ಪೋಖರಾಕ್ಕೆ ಹೊರಟಿದ್ದೀನಿ. ಯಾವ ಕಡೆ ಕೂತ್ಕೊಳ್ಳಲಿ?"

ಹೇರಾಕಾಜಿ ದೀಪ ಸಾಲಿಟ್ಟ. ಸೌಟು ಎತ್ತಿದ, ತಿರುಗಿಸಿದ, ಹಿಡಿ ಹಿಂದೆಮುಂದೆ ಮಾಡಿ ನೋಡಿದ. ಆಮೇಲೆ ಹಣೆ ಒರೆಸಿಕೊಂಡು ಕೇಳಿದ:

"ನೀನು ಯಾವ ಕಡೆಗೆ ಮುಖ ಮಾಡಿ ಕೂರ್ತೀಯಾ?"