ಉತ್ತರದ ಕಿಟಕಿಯ ಬಿಸಿಲು

ನಮ್ಮ ಅತ್ತೆಗೆ ಸಾಯುವ ಭಯ ಇರಲಿಲ್ಲ. ಇದ್ದದ್ದು ದಕ್ಷಿಣಾಯನದಲ್ಲಿ ಸಾಯುವ ಭಯ. ಉತ್ತರಾಯಣದಲ್ಲಿ ಹೋದವರದು ಬೆಳಕಿನ ದಾರಿ, ದಕ್ಷಿಣಾಯನದಲ್ಲಿ ಹೋದವರದು ಹೊಗೆಯ ದಾರಿ ಎಂದು ತವರುಮನೆ ಹೆಬ್ಬಳ್ಳಿಯಲ್ಲಿ ಕೇಳುತ್ತಲೇ ಬೆಳೆದವರು. ಮಾವ ತೀರಿಕೊಂಡದ್ದು ಶ್ರಾವಣದಲ್ಲಿ. ಗಂಡ ಹೋದ ದುಃಖಕ್ಕಿಂತ, ಅಂಥ ಹೊತ್ತಿನಲ್ಲಿ ಹೋದರಲ್ಲ ಎಂಬ ದುಃಖವೇ ಅವರಿಗೆ ಹೆಚ್ಚು. ಹಾಗಾಗಿ ಯುಗಾದಿಯ ಮರುವಾರ ತಾವೇ ಹಾಸಿಗೆ ಹಿಡಿದಾಗ, ಛಲೋ ಆಯಿತು, ಇನ್ನೂ ವೇಳೆ ಇದೆ ಎಂದರು. ಮೆಲ್ಲಗೆ ಊಟ ಬಿಡುತ್ತ ಬಂದರು. ಕಾರಹುಣ್ಣಿಮೆಯ ಹೊತ್ತಿಗೆ ಬರೀ ಮಜ್ಜಿಗೆಗೆ ಬಂದಿದ್ದರು.

ನಾನು ಸುಮ್ಮನಿರುವವಳಲ್ಲ. ಸೊಸೆ ಅತ್ತೆಯನ್ನು ಉಪವಾಸ ಕೆಡವಿದಳೆಂದು ಓಣಿಯೆಲ್ಲ ಆಡಿಕೊಂಡರೆ ಹೊಣೆ ಯಾರು ಎಂದು ಜಗಳಕ್ಕೇ ನಿಂತೆ. ಅತ್ತೆ ನಕ್ಕುಬಿಟ್ಟರು. ಓಣಿಯವರಿಗೆಲ್ಲ ನಾನೇ ಹೇಳಿ ಹೋಗುತ್ತೇನೆ, ನೀನು ಹೆದರಬೇಡ ಎಂದರು. ಅಷ್ಟು ಗಟ್ಟಿ ಹೆಂಗಸು. ಆ ನಗು ನಾನು ಮತ್ತೆ ನೋಡಲಿಲ್ಲ.

ನನ್ನ ಗಂಡ ಧಾರವಾಡದ ಒಂದು ಸಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ತಾಯಿಗೆ ಒಬ್ಬನೇ ಮಗ. ಜೂನ್ ತಿಂಗಳ ಆ ದಿನ ಬೆಳಿಗ್ಗೆ ಅಡುಗೆಮನೆಗೆ ಬಂದು, ವರ್ಷದಲ್ಲೇ ಉದ್ದನೆಯ ಹಗಲು ಇವತ್ತು, ಸೂರ್ಯ ನಾಳೆಯಿಂದ ದಕ್ಷಿಣಕ್ಕೆ ತಿರುಗುತ್ತಾನೆ ಎಂದರು. ಅವರ ಇಂಗ್ಲಿಷ್ ಪುಸ್ತಕದಲ್ಲಿ ಬೇಸಿಗೆ ಶುರುವಾಗುವುದೂ ಅವತ್ತೇ ಅಂತೆ. ನಮ್ಮಲ್ಲಿ ಮಾವಿನಹಣ್ಣು ಮುಗಿದು ಉಪ್ಪಿನಕಾಯಿ ಭರಣಿ ಸೇರಿಯಾಗಿತ್ತು. ಪಂಚಾಂಗದ ಪ್ರಕಾರ ದಕ್ಷಿಣಾಯನ ಹಿಡಿಯುವುದು ಕರ್ಕ ಸಂಕ್ರಮಣಕ್ಕೆ, ಅದಕ್ಕಿನ್ನೂ ಹೆಚ್ಚುಕಡಿಮೆ ಒಂದು ತಿಂಗಳು. ಆದರೆ ಉತ್ತರಾಯಣ ಇವತ್ತೇ ಮುಗಿಯಿತೆಂದು ಹೇಳಿದರೆ ಅವ್ವ ಸಾಯುವ ಹಟ ಬಿಟ್ಟು ಉಣ್ಣುತ್ತಾಳೆ, ಮಕರ ಸಂಕ್ರಾಂತಿಯವರೆಗಾದರೂ ಉಳಿಯುತ್ತಾಳೆ ಎಂಬುದು ಅವರ ಲೆಕ್ಕ. ಬೇಡ, ಮುದುಕಿಯ ಧೈರ್ಯದ ತಂಟೆಗೆ ಹೋಗಬೇಡಿ ಎಂದೆ. ಕೇಳಿದರೆ ತಾನೆ? ಓದಿ ಓದಿ ಮರುಳಾದ ಕೂಚಂಭಟ್ಟ ಎಂದು ಸುಮ್ಮನೆ ಗಾದೆ ಮಾಡಿಲ್ಲ.

ಅತ್ತೆ ಮಲಗುವ ಕೋಣೆಗೆ ಉತ್ತರಕ್ಕೊಂದು ಕಿಟಕಿ. ವರ್ಷದಲ್ಲಿ ಆ ಕೆಲವು ವಾರ ಮಾತ್ರ ಬೆಳಗಿನ ಎಳೆಬಿಸಿಲು ಅದರಿಂದ ಓರೆಯಾಗಿ ಒಳಗೆ ಬಂದು, ಹಾಸಿಗೆಯ ಪಕ್ಕದ ಗೋಡೆಯ ಮೇಲೆ ಬೀಳುತ್ತಿತ್ತು. ನಮ್ಮವರು ಒಲೆಯಿಂದ ಇದ್ದಿಲು ತಂದು ಬಿಸಿಲಿನ ಅಂಚಿಗೆ ಗೆರೆ ಎಳೆದರು.

"ಅವ್ವಾ, ಉತ್ತರಾಯಣ ಇವತ್ತಿಗೆ ಮುಗೀತು. ಪಂಚಾಂಗದಾಗ ತಡಾ ಮಾಡಿ ಬರದಾರ. ಬಿಸಲು ಇನ್ನ ಈ ಗೆರಿ ಬಿಟ್ಟು ಹಿಂದ ಸರೀತದ, ನೀನ ನೋಡು. ಉಂಡು ಸಂಕ್ರಾಂತಿ ತನಕಾ ಗಟ್ಟಿ ಇರಬೇಕು."

ಅತ್ತೆ ಗೋಡೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಗಂಜಿ ಕೇಳಿದರು. ನಮ್ಮವರು ನನಗೆ ಹುಬ್ಬು ಹಾರಿಸಿ, ರುಮಾಲು ಸುತ್ತಿಕೊಂಡು ಖುಷಿಯಿಂದ ಸಾಲೆಗೆ ಹೋದರು.

ಗಂಜಿ ಒಳಗೆ ನಿಲ್ಲಲಿಲ್ಲ. ಕಾರಿಕೊಂಡು ಮತ್ತೆ ಕೇಳಿದರು, ಮತ್ತೆ ಕಾರಿಕೊಂಡರು. ಮುಟ್ಟದೆ ಇಟ್ಟಿದ್ದ ಡಾಕ್ಟರರ ಕಹಿ ಔಷಧ ತಾವೇ ಬೇಡಿ ಕುಡಿದರು. ಹೋಗಲು ತಯಾರಾಗಿ ಕೂತಿದ್ದ ಹೆಂಗಸು ಈಗ ನಾನು ಎದ್ದರೆ ಸೆರಗು ಹಿಡಿದುಕೊಳ್ಳುತ್ತಿದ್ದರು. ಆ ವರ್ಷ ಮಿರಗದ ಮಳೆ ಕೈಕೊಟ್ಟಿತ್ತು, ಬಿಸಿಲು ಒಂದು ದಿನವೂ ತಪ್ಪಲಿಲ್ಲ. ಮೊದಮೊದಲು ಗೆರೆಯ ಮೇಲೇ ಇತ್ತು. ಆಮೇಲೆ ನೂಲೆಳೆಯಷ್ಟು ಸರಿಯಿತು. ಆಮೇಲೆ ಒಂದು ಬೆರಳು. ಅತ್ತೆ ಬೆಳಗಾಗುವುದರೊಳಗೆ ಎಚ್ಚತ್ತು ಅದಕ್ಕೇ ಕಾದಿರುತ್ತಿದ್ದರು. ಅವರ ಮುಖ ನೋಡಲಾರದೆ ನಾನು ಹಿತ್ತಲಿಗೆ ಹೋಗಿ ಅಳುತ್ತಿದ್ದೆ.

ಕಡೆಗೆ ನಮ್ಮವರಿಗೂ ಗಾಬರಿಯಾಯಿತು. ಭಟ್ಟರ ಮನೆಯಿಂದ ಪಂಚಾಂಗ ತಂದು ತಾಯಿಯ ಮುಂದೆ ಓದಿದರು. ಇದು ಇನ್ನೂ ಉತ್ತರಾಯಣವೇ, ನೀನು ಉಣ್ಣಲಿ ಎಂದು ನಾನು ಹಾಗೆ ಹೇಳಿದೆ ಎಂದು ಕಾಲು ಹಿಡಿದುಕೊಂಡರು. ಅತ್ತೆ ಮಗನ ತಲೆ ಸವರಿದರು.

"ನೀ ಸಣ್ಣಾಂವ ಇದ್ದಾಗಿಂದ ನನ್ನ ಮುಂದ ಸುಳ್ಳ ಹೇಳಿಲ್ಲ. ಈಗ ನನ್ನ ಸಮಾಧಾನಕ್ಕ ಹೇಳಾಕತ್ತಿ. ನೀ ಹೇಳಿದಂಗ ಬಿಸಲು ಸರದದಲ್ಲೋ ತಮ್ಮಾ. ಗ್ವಾಡಿ ಸುಳ್ಳ ಹೇಳತದೇನು?"

ಅವತ್ತು ಮಧ್ಯಾಹ್ನ ನಾನು ಒದ್ದೆ ಅರಿವೆ ತಂದು ಆ ಗೆರೆ ತಿಕ್ಕಿದೆ. ಸುಣ್ಣದ ಗೋಡೆ, ಕಪ್ಪು ಇನ್ನಷ್ಟು ಹರಡಿತು.

ಕರ್ಕ ಸಂಕ್ರಮಣಕ್ಕೆ ಇನ್ನೂ ಒಂದು ವಾರವಿರುವಾಗ ಅತ್ತೆ ಹೋದರು. ಸಮಾಧಾನದಿಂದ ಹೋಗಲಿಲ್ಲ. ಬ್ಯಾಡ, ಈಗ ಬ್ಯಾಡ ಎಂದು ಕಣ್ಣು ಬಿಟ್ಟುಕೊಂಡೇ ಹೋದರು. ಗಂಗೆಯ ನೀರು ಬಾಯಿಗೆ ಬಿಟ್ಟರೆ ಅದನ್ನೂ ಔಷಧವೆಂದೇ ನುಂಗಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಲ್ಲ ಎಂದು ಗಂಡನನ್ನು ಹರಿದು ತಿನ್ನುವಷ್ಟು ಸಿಟ್ಟು ನನಗೆ. ಆ ಸಿಟ್ಟು ಇವತ್ತಿಗೂ ಹೋಗಿಲ್ಲ.

ಅಂಗಳದಲ್ಲಿ ಹೆಣ ಮಲಗಿಸಿದ್ದರು. ನಮ್ಮವರು ಮಿಂದು ಒದ್ದೆ ಪಂಚೆಯಲ್ಲಿ ಕೂತರು. ಭಟ್ಟರು ಸಂಕಲ್ಪ ಹೇಳಿಸತೊಡಗಿದರು, ಯಾವ ಕರ್ಮಕ್ಕಾದರೂ ಮೊದಲು ಸಂವತ್ಸರ, ಅಯನ, ಋತು ಹೇಳಲೇಬೇಕಲ್ಲ. "ಉತ್ತರಾಯಣೇ, ಗ್ರೀಷ್ಮ ಋತೌ" ಎಂದರು. ನಮ್ಮವರು ತಿರುಗಿ ತಾಯಿಯ ಮುಖ ನೋಡಿದರು. ಭಟ್ಟರು ಇನ್ನೊಮ್ಮೆ ಹೇಳಿಕೊಟ್ಟರು.

ಆಗ ನಮ್ಮವರು ತಾಯಿಯ ಕಡೆ ಬಾಗಿ, ಕಿವಿ ಮಂದವಾದವರಿಗೆ ಹೇಳುವಂತೆ, ಕಿವಿಯ ಹತ್ತಿರವೇ ಬಾಯಿಟ್ಟು "ಉತ್ತರಾಯಣೇ" ಎಂದರು. ಮತ್ತೆ ಇನ್ನೂ ಗಟ್ಟಿಯಾಗಿ ಎಂದರು. ಭಟ್ಟರು ಸಾಕು, ಮುಂದೆ ಹೇಳಿ ಎಂದರು. ಅವರು ಮುಂದೆ ಹೋಗಲಿಲ್ಲ. ಓಣಿಯವರೆಲ್ಲ ನೋಡುತ್ತಿದ್ದಂತೆ ಅದೊಂದೇ ಮಾತನ್ನು ಕೂಗುತ್ತಲೇ ಇದ್ದರು.