ಹಳಿ ಮೇಲಿನ ಸಂಡಿಗೆ

ನಾನು ಗೂಡ್ಸ್ ರೈಲಿನ ಚಾಲಕ. ಮೊದಲೆಲ್ಲ ನಮ್ಮ ಗಾಡಿಗಳು ಮೈಸೂರು ಸ್ಟೇಷನ್ನಿಗೆ ಬಂದು, ಇಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಿಕೊಂಡು, ಬಂದ ದಿಕ್ಕಿಗೇ ವಾಪಸ್ ಹೊರಟು ಬೇರೆ ಲೈನ್ ಹಿಡಿಯಬೇಕಿತ್ತು. ಅದನ್ನು ತಪ್ಪಿಸಲೆಂದೇ ಊರ ಹೊರಗೆ ಎರಡು ಲೈನುಗಳನ್ನು ಸೇರಿಸುವ ಸಣ್ಣದೊಂದು ಹಳಿ ಹಾಕಿದರು. ಅದರ ಮೇಲೆ ಮೊದಲ ಗೂಡ್ಸ್ ಒಯ್ಯುವ ಕೆಲಸ ನನಗೆ ಬಿತ್ತು.

ಹೊಸ ಹಳಿಯೆಂದು ನಿಧಾನವಾಗಿಯೇ ಹೋಗುತ್ತಿದ್ದೆ. ತಿರುವು ದಾಟಿದರೆ ಎದುರಿಗೆ ಕಂಬಿಗಳ ನಡುವೆ ಹಳೇ ಸೀರೆ, ಅದರ ತುಂಬ ಸಂಡಿಗೆ, ಪಕ್ಕದಲ್ಲೇ ಒಬ್ಬ ಹೆಂಗಸು! ಹಾರ್ನ್ ಒತ್ತಿ ಬ್ರೇಕ್ ಹಾಕಿದೆ. ಗಾಡಿ ಕಿರುಗುಟ್ಟುತ್ತಾ ನಾಲ್ಕು ಮಾರು ದೂರದಲ್ಲಿ ನಿಂತಿತು.

"ಇದು ರೈಲು ಹಳಿ ಕಣಮ್ಮ!" ಎಂದು ಕೂಗಿದೆ.

"ಗೊತ್ತು ಕಣಪ್ಪ. ಇಷ್ಟು ದಿನ ರೈಲೆಲ್ಲಿತ್ತು? ಹಿಂಗೆ ಹೇಳದೆ ಕೇಳದೆ ಬಂದ್ಬುಟ್ರೆ?"

ಸಂಡಿಗೆ ಇನ್ನೂ ಹಸಿ, ಮಡಚಿದರೆ ಮುದ್ದೆಯಾಗುತ್ತಿತ್ತು. ನನ್ನ ಸಹಾಯಕ ಇಳಿದುಹೋದ. ಅವನೂ ಆಕೆಯೂ ಸೀರೆಯ ನಾಲ್ಕು ತುದಿ ಹಿಡಿದು, ಬಿಗಿಯಾಗಿ ಎಳೆದುಕೊಂಡೇ ಪಕ್ಕಕ್ಕೆ ಸರಿದರು. ಅಷ್ಟರಲ್ಲಿ ಹಿಂದಿನ ಡಬ್ಬಿಯಿಂದ ಗಾರ್ಡ್ ವಾಕಿಟಾಕಿಯಲ್ಲಿ, ಯಾಕೆ ನಿಂತಿರಿ ಅಂದರು. ಸಂಡಿಗೆ ಎಂದೆ. ಏನು, ಸಂಡಿಗೆಯಾ ಎಂದು ಎರಡು ಸಲ ಕೇಳಿದರು.

ಹೊರಡುವಾಗ ಆಕೆ, "ನಾಳೆ ಎಷ್ಟೊತ್ತಿಗೆ ಬರ್ತೀರಿ ಹೇಳ್ಬುಡಿ, ಅಷ್ಟರಲ್ಲಿ ಎತ್ಕೋತೀನಿ" ಎಂದರು.

"ಗೂಡ್ಸಿಗೆ ಟೈಮಿಲ್ಲಮ್ಮ, ಯಾವಾಗ ಬೇಕಾದ್ರೂ ಬರುತ್ತೆ. ಇನ್ಮೇಲೆ ಇಲ್ಲಿ ಕಾಲಿಡಬೇಡಿ" ಎಂದೆ.

ಎಷ್ಟೊತ್ತಿಗೆ ಬರ್ತೀರಿ ಅನ್ನುವ ಇದೇ ಪ್ರಶ್ನೆಯನ್ನು ನಮ್ಮ ಮೇಲಧಿಕಾರಿಗಳೂ ದಿನಾ ಕೇಳುತ್ತಾರೆ. ಅವರಿಗೆ ಮಾತ್ರ ಏನೋ ಒಂದು ಟೈಮ್ ಹೇಳಿಬಿಡುತ್ತೇನೆ.