ಎರಡನೆಯ ಬೆಳಕಿಂಡಿ

ನನ್ನ ನೆಗೆಣ್ಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮದುವೆಯಾಗಿ ಜಹೀರಾಬಾದಿಗೆ ಬಂದಂದಿನಿಂದ ಇದೆ, ಸುಳ್ಳೇಕೆ ಹೇಳಲಿ. ಅವಳು ಹಿರಿಯ ಸೊಸೆ. ಅತ್ತೆಯ ಬಾಯಲ್ಲಿ ಸದಾ ಅವಳ ಮಾತೇ. ನಾನು ಬಂದ ಎರಡನೇ ವರ್ಷ ಒಲೆ ಬೇರೆಯಾಯಿತು. ಬೇರೆಯಾಗೋಣವೆಂದು ಮೊದಲು ಬಾಯಿಬಿಟ್ಟವರು ಗಂಡಸರು. ಆದರೆ ‘ಮನಿ ಒಡದಾಕಿ’ ಅನ್ನುವ ಹೆಸರು ಬಂದದ್ದು ನನಗೆ, ಅದನ್ನು ಇಟ್ಟವಳು ಅವಳು. ಯಾವ ಮದುವೆ, ತೊಟ್ಟಿಲಿಗೆ ಹೋದರೂ ಆ ಹೆಸರು ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು.

ಕಳೆದ ವರ್ಷ ಶಾಲೆಯೊಂದರ ಪಡಸಾಲೆಯಲ್ಲಿ ಆಕಾಶದಿಂದ ತೆಗೆದ ನಮ್ಮೂರಿನ ಫೋಟೋಗಳನ್ನು ತೂಗುಹಾಕಿದ್ದರು. ನಾನೂ ನೆಗೆಣ್ಣಿಯೂ ನೋಡಲು ಹೋದೆವು. ಹೊಸದರಲ್ಲಿ ಹೈವೇ, ಕಾರ್ಖಾನೆಯ ತಗಡು, ಬೀದರ್ ರಸ್ತೆಯುದ್ದಕ್ಕೂ ಪ್ಲಾಟುಗಳು, ಮನೆಮನೆಗೂ ಸ್ಲ್ಯಾಬು, ಮೇಲೊಂದು ಕರಿ ನೀರಿನ ಟಾಕಿ. ನಮ್ಮ ಮನೆ ಯಾವುದೆಂದು ನಮಗೇ ತಿಳಿಯಲಿಲ್ಲ. ಹಳೆಯದು ಕಪ್ಪು ಬಿಳುಪಿನದು, ತೀರಾ ಕೆಳಗೆ ಹಾರಿದ ವಿಮಾನದಿಂದ ತೆಗೆದದ್ದಂತೆ. ನನ್ನ ಮದುವೆಗೂ ಮೊದಲಿನದು. ಅದರಲ್ಲಿ ಊರೆಂದರೆ ರೈಲುಹಳಿ, ಹುಣಸೆಮರಗಳು, ಮಣ್ಣಿನ ಮಾಳಿಗೆಗಳು, ಆಮೇಲೆ ಬರೀ ಹೊಲ. ಬಾವಿಯ ಗುರುತಿನಿಂದ ನಮ್ಮ ಮಾಳಿಗೆ ಸಿಕ್ಕಿತು. ಅದರ ಮೇಲೆ ಸಾಸಿವೆ ಕಾಳಿನಷ್ಟು ಎರಡು ಕರಿ ಚುಕ್ಕೆ.

ನಮ್ಮ ಕಡೆ ಒಲೆಯ ನೆತ್ತಿಗೆ ಮಾಳಿಗೆಯಲ್ಲಿ ಬೆಳಕಿಂಡಿ ಬಿಡುತ್ತಾರೆ. ಬೆಳಕು ಒಳಗೆ, ಹೊಗೆ ಹೊರಗೆ. ಮಳೆ ಬಂದರೆ ತಾಂಡೂರಿನ ಫರಸಿಕಲ್ಲು ಎಳೆದು ಮುಚ್ಚುವುದು. ಒಂದು ಒಲೆಗೆ ಒಂದು ಬೆಳಕಿಂಡಿ. ಚುಕ್ಕೆ ಎರಡಿದ್ದವು ಅಂದರೆ ನಾನು ಬರುವ ಮೊದಲೇ ಮನೆಯಲ್ಲಿ ಎರಡು ಒಲೆ! ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ನೋಡ್ರಿ ಅಕ್ಕಾ,” ನಾಲ್ಕು ಜನಕ್ಕೆ ಕೇಳಲೆಂದೇ ಗಟ್ಟಿಯಾಗಿ ಹೇಳಿದೆ, “ಎರಡು ಬೆಳಕಿಂಡಿ ಅವ. ಈಗ ಹೇಳ್ರಿ, ಮನಿ ಒಡದಾಕಿ ಯಾರು?”

ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು. “ಅಲ್ಲಿ ಒಲಿ ಎಲ್ಲಿತ್ತು ತಂಗಿ? ಅದು ನನ್ನ ಬಾಣಂತಿ ಖೋಲಿ. ತವರಾಗ ಅವ್ವ ಇರಲಿಲ್ಲ, ಬಾಣಂತನ ಇಲ್ಲೇ ಆತು. ಕತ್ತಲಾಗ ಕೂಸಿನ ಮಾರಿ ಕಾಣವಲ್ದು ಅಂದೆ. ಮರುದಿನಾನೇ ಅತ್ತಿ ಗೌಂಡಿನ ಕರಸಿ ಮಾಳಗಿ ಒಡಸಿದ್ರು.”

ನನ್ನ ಬಾಣಂತನ ತವರೂರು ಝರಾಸಂಗದಲ್ಲಿ, ಹೆತ್ತ ತಾಯಿಯ ಕೈಯಲ್ಲಿ ಆಗಿತ್ತು. ಆದರೂ ಎದೆಯಲ್ಲಿ ಕೆಂಡ ಬಿತ್ತು. ತಾಯಿಯಿಲ್ಲದವಳ ಮೇಲೂ ಹೊಟ್ಟೆಕಿಚ್ಚು ಪಡುವವಳು ನಾನು. ಅವಳಿಗಾಗಿ ಅತ್ತೆ ಮಾಳಿಗೆ ಒಡೆಸಿದರು. ನನಗಾಗಿ ಒಂದು ಗೂಟವನ್ನಾದರೂ ಹೊಡೆಸಿದ್ದರೇ? ಬೇರೆಯಾದ ಮೇಲೆ ನಾನು ಒಲೆ ಹೂಡಿದ್ದು ಅದೇ ಕೋಣೆಯಲ್ಲಿ. ಅಷ್ಟು ವರ್ಷ ನನ್ನ ರೊಟ್ಟಿಯ ಮೇಲೆ ಬಿದ್ದದ್ದು ಅವಳ ಬೆಳಕು.

“ನನಗೇನು ಮಾಡಿದ್ರು ಅತ್ತಿ?” ಅಂದೆ.

“ನಿನಗ ಆ ಖೋಲಿನೇ ಕೊಟ್ಟರಲ್ಲ,” ಅವಳು ಫೋಟೋದಿಂದ ಕಣ್ಣು ತೆಗೆಯಲಿಲ್ಲ. “ಒಲಿ ಬ್ಯಾರೆ ಆದಾಗ ಅದು ನನಗ ಬೇಕಂತ ಕೇಳಿದ್ದೆ. ಸಣ್ಣಾಕಿ ಒಬ್ಬಾಕಿನೇ ಅಡಗಿ ಮಾಡಾಕ ಹತ್ಯಾಳ, ಆಕಿಗೆ ಬೆಳಕು ಇರಲಿ ಅಂದ್ರು ಅತ್ತಿ. ಅವತ್ತೇ ನೋಡು, ನಾ ನಿನಗ ಆ ಹೆಸರು ಇಟ್ಟಿದ್ದು.”

ಹೊಟ್ಟೆಕಿಚ್ಚಿನಲ್ಲಾದರೂ ನಾನೇ ಮುಂದು ಅಂದುಕೊಂಡಿದ್ದೆ. ಅಲ್ಲಿಯೂ ಅವಳೇ ಹಿರಿಯಳು.